ನ್ಯೂಯಾರ್ಕ್ ನಗರ ಪೊಲೀಸ್ ಇಲಾಖೆಯ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಯಾರ್ಕ್ ನಗರದ ಪೊಲೀಸರ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಹಲವು ಬಗೆಯವು. ಆದರೆ ಬಹುಪಾಲು ಪ್ರಶ್ನೆಗಳ ಹಿಂದೆ ಇರುವ ಸಂದೇಹ ಒಂದೇ: ಈ ಪಡೆ ಯಾರ ಮಾತಿಗೆ ಬಗ್ಗಬೇಕು? ಮೇಯರ್‌ಗೋ, ರಾಜ್ಯ ಸರ್ಕಾರಕ್ಕೋ, ಗೆದ್ದ ಪಕ್ಷಕ್ಕೋ, ನ್ಯಾಯಾಲಯಕ್ಕೋ, ಬೀದಿಯಲ್ಲಿ ನಡೆದು ಹೋಗುವ ನಾಗರಿಕನಿಗೋ? ಈ ಜಗ್ಗಾಟವನ್ನು ಬಿಟ್ಟು ಇಲಾಖೆಯ ಚರಿತ್ರೆಯನ್ನು ಹೇಳಲು ಸಾಧ್ಯವಿಲ್ಲವಾದ್ದರಿಂದ, ಕೆಳಗಿನ ಉತ್ತರಗಳಲ್ಲಿಯೂ ಅದೇ ಮತ್ತೆ ಮತ್ತೆ ಎದುರಾಗುತ್ತದೆ.

ಇಲಾಖೆ ಸ್ಥಾಪನೆಯಾದದ್ದು ಯಾವಾಗ?

1845 ಎಂಬುದು ರೂಢಿಯ ಉತ್ತರ. ಅದಕ್ಕೆ ಆಧಾರವಾದ ಕಾನೂನನ್ನು ರಾಜ್ಯ ಶಾಸನಸಭೆ ಅಂಗೀಕರಿಸಿದ್ದು 1844ರ ಮೇ 7ರಂದು. ಆದರೆ ಆಗ ಮೇಯರ್ ಆಗಿದ್ದ ಜೇಮ್ಸ್ ಹಾರ್ಪರ್ ಆ ಕಾನೂನನ್ನು ಜಾರಿಗೆ ತರದೆ, ಇನ್ನೂರು ಜನರ ತಮ್ಮದೇ ಸಣ್ಣ ಪಡೆಯೊಂದನ್ನು ಕಟ್ಟಲು ಹೊರಟು ಕೈಸುಟ್ಟುಕೊಂಡರು. ಮರುವರ್ಷ ಚುನಾಯಿತರಾದ ವಿಲಿಯಂ ಹ್ಯಾವ್ಮೆಯರ್ ರಾಜ್ಯದ ಕಾನೂನನ್ನು ಒಪ್ಪಿಕೊಂಡರು. ಗರಿಷ್ಠ 800 ಜನರ, ಹಗಲೂ ರಾತ್ರಿಯೂ ಸಂಬಳಕ್ಕೆ ದುಡಿಯುವ ಪಡೆ ಅಸ್ತಿತ್ವಕ್ಕೆ ಬಂತು. ಜಾರ್ಜ್ ಮ್ಯಾಟ್ಸೆಲ್ ಅದರ ಮೊದಲ ಮುಖ್ಯಸ್ಥರಾದರು.

ಅದಕ್ಕೂ ಮುಂಚೆ ಊರು ಕಾಯುತ್ತಿದ್ದವರು ಯಾರು?

ಊರು ಇನ್ನೂ ಡಚ್ಚರ ಕೈಯಲ್ಲಿದ್ದು ನ್ಯೂ ಆಮ್ಸ್ಟರ್‌ಡ್ಯಾಮ್ ಎಂದು ಕರೆಸಿಕೊಳ್ಳುತ್ತಿದ್ದಾಗ, 1658ರಲ್ಲಿ, ಸಂಬಳದ ರಾತ್ರಿ ಕಾವಲುಗಾರರನ್ನು ನೇಮಿಸಲಾಯಿತು. ಅಪಾಯ ಕಂಡರೆ ಕೈಯಲ್ಲಿದ್ದ ಮರದ ಗಿಲಕಿಯನ್ನು ಗಿರಗಿರನೆ ತಿರುಗಿಸಿ ಸದ್ದು ಮಾಡುವುದು ಅವರ ಕೆಲಸ. ಅವರು ಹಸಿರು ಗಾಜಿನ ಕಂದೀಲು ಹಿಡಿದು ತಿರುಗುತ್ತಿದ್ದರೆಂದೂ, ಕಾವಲು ಮುಗಿದ ಮೇಲೆ ಅದನ್ನು ಚಾವಡಿಯ ಹೊರಗೆ ತೂಗುಹಾಕುತ್ತಿದ್ದರೆಂದೂ ಇಲಾಖೆಯ ಪರಂಪರೆ ಹೇಳುತ್ತದೆ. ಇಂದಿಗೂ ನ್ಯೂಯಾರ್ಕಿನ ಠಾಣೆಗಳ ಬಾಗಿಲ ಎರಡೂ ಬದಿಗೆ ಹಸಿರು ದೀಪ ಉರಿಯುವುದು ಆ ನೆನಪಿಗಾಗಿ ಎಂಬ ನಂಬಿಕೆಯಿದೆ.

1664ರಲ್ಲಿ ಊರು ಇಂಗ್ಲಿಷರ ವಶವಾದ ನಂತರವೂ ವ್ಯವಸ್ಥೆ ಹೆಚ್ಚುಕಡಿಮೆ ಹೀಗೆಯೇ ಮುಂದುವರಿಯಿತು. ಹಗಲು ಬೆರಳೆಣಿಕೆಯ ಕಾನ್‌ಸ್ಟೆಬಲ್‌ಗಳು ಮತ್ತು ಮಾರ್ಷಲ್‌ಗಳು, ರಾತ್ರಿ ಕಾವಲುಗಾರರು. ಈ ಕಾವಲುಗಾರರಲ್ಲಿ ಬಹಳಷ್ಟು ಜನ ಹಗಲಿಡೀ ಗಾಡಿ ಹೊಡೆದೋ ಮೂಟೆ ಹೊತ್ತೋ ದಣಿದು ಬಂದವರಾದ್ದರಿಂದ ಕಾವಲು ಗೂಡಿನಲ್ಲಿ ತೂಕಡಿಸುವುದು ಸಹಜವಾಗಿತ್ತು, ಪುಂಡ ಹುಡುಗರು ಮಲಗಿದ್ದವನನ್ನು ಗೂಡಿನ ಸಮೇತ ಉರುಳಿಸುವುದೂ ಅಷ್ಟೇ ಸಹಜವಾಗಿತ್ತು. ಅವರು ತೊಡುತ್ತಿದ್ದ ಗಟ್ಟಿ ಚರ್ಮದ ಟೊಪ್ಪಿಯಿಂದಾಗಿ ಜನ ಅವರನ್ನು "ಚರ್ಮದ ತಲೆಗಳು" ಎಂದು ಆಡಿಕೊಳ್ಳುತ್ತಿದ್ದರು.

ಈ ಕಾಲದಲ್ಲಿ ಗೌರವ ಗಳಿಸಿದ ಒಂದು ಹೆಸರೆಂದರೆ 1802ರಲ್ಲಿ ಹೈ ಕಾನ್‌ಸ್ಟೆಬಲ್ ಆದ ಜೇಕಬ್ ಹೇಸ್. ಗಲಾಟೆಯ ಗುಂಪಿನೊಳಗೆ ಒಬ್ಬರೇ ನುಗ್ಗಿ, ಕೈಕೋಲಿನಿಂದ ಪುಂಡನ ಟೋಪಿಯನ್ನು ಹಾರಿಸಿ, ಅದನ್ನು ಎತ್ತಿಕೊಳ್ಳಲು ಅವನು ಬಗ್ಗಿದಾಗ ದೂಡಿ ಬೀಳಿಸುತ್ತಿದ್ದರೆಂಬ ಕಥೆ ಅವರ ಬಗ್ಗೆ ಇದೆ. ಆದರೆ ಲಕ್ಷಗಟ್ಟಲೆ ವಲಸಿಗರು ಬಂದಿಳಿಯುತ್ತಿದ್ದ ಬಂದರನ್ನು ಒಬ್ಬ ಗಟ್ಟಿಗನ ಕೈಕೋಲು ಕಾಯಲಾರದು. 1841ರ ಜುಲೈನಲ್ಲಿ ಮೇರಿ ರೋಜರ್ಸ್ ಎಂಬ ಯುವತಿಯ ಶವ ಹಡ್ಸನ್ ನದಿಯಲ್ಲಿ ಸಿಕ್ಕಿ, ಕೊಲೆಗಾರ ಪತ್ತೆಯಾಗದೆ ಪತ್ರಿಕೆಗಳು ತಿಂಗಳುಗಟ್ಟಲೆ ಕೂಗಾಡಿದ ಮೇಲೆ ಹೊಸ ವ್ಯವಸ್ಥೆಯ ಬೇಡಿಕೆಯನ್ನು ತಳ್ಳಿಹಾಕುವುದು ಕಷ್ಟವಾಯಿತು.

ಇದು ಲಂಡನ್ ಪೊಲೀಸರ ನಕಲೇ?

ಮಾದರಿ ಅಲ್ಲಿಯದೇ, 1829ರಲ್ಲಿ ಲಂಡನ್ನಿನಲ್ಲಿ ರಚಿತವಾದ ಪಡೆಯನ್ನು ನ್ಯೂಯಾರ್ಕಿನವರು ಕಣ್ಣೆದುರು ಇಟ್ಟುಕೊಂಡಿದ್ದರು. ಆದರೆ ಮುಖ್ಯವಾದ ಒಂದು ಅಂಶದಲ್ಲಿ ಎರಡೂ ಬೇರೆ. ಲಂಡನ್ ಪಡೆ ಸ್ಥಳೀಯ ರಾಜಕೀಯದಿಂದ ದೂರವಿದ್ದು ಕೇಂದ್ರ ಸರ್ಕಾರದ ಗೃಹ ಸಚಿವರಿಗೆ ಉತ್ತರ ಹೇಳುತ್ತಿತ್ತು. ನ್ಯೂಯಾರ್ಕಿನಲ್ಲಿ ಪೇದೆಯ ಹೆಸರನ್ನು ಸೂಚಿಸುತ್ತಿದ್ದವನು ಆ ವಾರ್ಡಿನ ಚುನಾಯಿತ ಸದಸ್ಯ, ಮತ್ತು ನೇಮಕ ಆರಂಭದಲ್ಲಿ ಒಂದೇ ವರ್ಷಕ್ಕೆ. ಅಂದರೆ ಪಕ್ಷ ಸೋತರೆ ಪೇದೆಯ ಕೆಲಸವೂ ಹೋಯಿತು. ದೊರೆಯ ಸೈನ್ಯದಂತಹ ಪಡೆ ತಮ್ಮ ಊರಿನಲ್ಲಿ ಬೇರು ಬಿಡಬಾರದೆಂಬ ಭಯ ಅಮೆರಿಕನ್ನರಿಗೆ ನಿಜವಾಗಿಯೂ ಇತ್ತು, ಅದು ಅರ್ಥವಾಗುವಂಥದ್ದೇ. ಆದರೆ ಆ ಭಯಕ್ಕೆ ಅವರು ಹುಡುಕಿಕೊಂಡ ಮದ್ದೇ ಮುಂದಿನ ಶತಮಾನದ ರೋಗವಾಯಿತು ಎಂದರೆ ಅತಿಶಯೋಕ್ತಿಯಲ್ಲ.

ಪೊಲೀಸರೇ ಸಮವಸ್ತ್ರವನ್ನು ವಿರೋಧಿಸಿದ್ದರು ಎಂಬುದು ನಿಜವೇ?

ನಿಜ. ಮೊದಲ ವರ್ಷಗಳಲ್ಲಿ ಅವರ ಗುರುತು ಎದೆಯ ಮೇಲಿನ ನಕ್ಷತ್ರಾಕಾರದ ಬಿಲ್ಲೆ ಮಾತ್ರ. ಸಮವಸ್ತ್ರವೆಂದರೆ ಶ್ರೀಮಂತರ ಮನೆಯ ಆಳು ತೊಡುವ ಉಡುಪು, ಸ್ವತಂತ್ರ ನಾಗರಿಕನಿಗೆ ಅದು ಅವಮಾನ ಎಂಬುದು ಅವರ ವಾದವಾಗಿತ್ತು. ಬಿಲ್ಲೆಯನ್ನು ಕೋಟಿನೊಳಗೆ ಮುಚ್ಚಿಕೊಂಡರೆ ಪೇದೆ ಯಾರು, ದಾರಿಹೋಕ ಯಾರು ಎಂದು ತಿಳಿಯುತ್ತಿರಲಿಲ್ಲ ಎಂಬ ಅನುಕೂಲವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. 1853ರಲ್ಲಿ ಇಲಾಖೆಯ ಮೇಲೆ ಆಯುಕ್ತರ ಮಂಡಳಿಯೊಂದು ಬಂದ ನಂತರವಷ್ಟೇ ನೀಲಿ ಕೋಟು ಕಡ್ಡಾಯವಾಯಿತು.

ಪೊಲೀಸರನ್ನು ಕರೆಯುವ "ಕಾಪ್" ಎಂಬ ಹೆಸರು ತಾಮ್ರದ (ಇಂಗ್ಲಿಷಿನಲ್ಲಿ ಕಾಪರ್) ಬಿಲ್ಲೆಯಿಂದ ಬಂದದ್ದೇ?

ಅಲ್ಲ. ಕಥೆ ಸೊಗಸಾಗಿದೆ, ಆದರೆ ಹಿಡಿಯುವುದು ಎಂಬರ್ಥದ ಹಳೆಯ ಆಡುಮಾತಿನ ಕ್ರಿಯಾಪದವೇ ಅದರ ಮೂಲವೆಂದು ನಿಘಂಟುಕಾರರು ಒಪ್ಪುತ್ತಾರೆ.

ಒಂದೇ ಊರಿನಲ್ಲಿ ಎರಡು ಪೊಲೀಸ್ ಪಡೆಗಳು ಪರಸ್ಪರ ಹೊಡೆದಾಡಿಕೊಂಡವಂತೆ, ಅದು ಹೇಗೆ?

ಇಡೀ ಚರಿತ್ರೆಯಲ್ಲಿ ಒಂದೇ ಒಂದು ದಿನವನ್ನು ಆರಿಸಿಕೊಳ್ಳಬೇಕೆಂದರೆ 1857ರ ಜೂನ್ 16ನ್ನು ಆರಿಸಿಕೊಳ್ಳಬೇಕು. ಆ ವರ್ಷ ರಿಪಬ್ಲಿಕನ್ನರ ಹಿಡಿತದಲ್ಲಿದ್ದ ರಾಜ್ಯ ಶಾಸನಸಭೆ, ಡೆಮಾಕ್ರಟ್ ಮೇಯರ್ ಫರ್ನಾಂಡೊ ವುಡ್ ಅವರ ಕೈಯಿಂದ ಪೊಲೀಸರನ್ನು ಕಿತ್ತುಕೊಳ್ಳಲು ತೀರ್ಮಾನಿಸಿತು. ನಗರದ ಮುನಿಸಿಪಲ್ ಪೊಲೀಸ್ ಪಡೆಯನ್ನು ರದ್ದು ಮಾಡಿ, ನ್ಯೂಯಾರ್ಕ್, ಬ್ರೂಕ್ಲಿನ್ ಮತ್ತು ಸುತ್ತಲಿನ ಪ್ರದೇಶಗಳಿಗೆಲ್ಲ ಸೇರಿ ರಾಜ್ಯದ ಅಧೀನದಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಎಂಬ ಹೊಸ ಪಡೆಯನ್ನು ರಚಿಸಿತು. ಕಾನೂನು ಅಸಾಂವಿಧಾನಿಕವೆಂದು ಸಾರಿದ ವುಡ್, ತಮ್ಮ ಪಡೆಯನ್ನು ವಿಸರ್ಜಿಸಲು ಒಪ್ಪಲಿಲ್ಲ. ಹಳೆಯ ಪೊಲೀಸರಲ್ಲಿ ಹೆಚ್ಚಿನವರು ಮೇಯರ್ ಜೊತೆಗೇ ಉಳಿದರು. ಉಳಿದವರು ಹೊಸ ಪಡೆಗೆ ಹೋದರು. ಒಂದು ಪಡೆ ಹಿಡಿದ ಕಳ್ಳನನ್ನು ಇನ್ನೊಂದು ಪಡೆ ಬಿಡಿಸುತ್ತಿತ್ತು. ಆ ಬೇಸಿಗೆಯಲ್ಲಿ ನೆಮ್ಮದಿಯಾಗಿದ್ದವರು ಕಳ್ಳರು ಮಾತ್ರ.

ಬೀದಿಗಳ ಆಯುಕ್ತರ ಹುದ್ದೆಗೆ ರಾಜ್ಯಪಾಲರು ನೇಮಿಸಿದ್ದ ಡೇನಿಯಲ್ ಕೊನೊವರ್ ಅಧಿಕಾರ ವಹಿಸಿಕೊಳ್ಳಲು ಬಂದಾಗ ಅವರನ್ನು ಮೇಯರ್ ಹೊರದಬ್ಬಿಸಿದರು. ಕೊನೊವರ್ ಮೇಯರ್ ವಿರುದ್ಧ ವಾರಂಟ್ ತಂದರು. ಆ ವಾರಂಟ್ ಹಿಡಿದು ಸಿಟಿ ಹಾಲ್‌ಗೆ ಒಬ್ಬರೇ ಹೋದವರು, ಹಿಂದೆ ಮೇಯರ್ ಕೈಕೆಳಗೆ ದುಡಿದು ಆಗ ಹೊಸ ಪಡೆ ಸೇರಿದ್ದ ಕ್ಯಾಪ್ಟನ್ ಜಾರ್ಜ್ ವಾಲಿಂಗ್. ವಾಲಿಂಗ್ ಅವರನ್ನು ಅಧಿಕಾರಿಯೆಂದು ಮೇಯರ್ ವುಡ್ ಒಪ್ಪಿಕೊಳ್ಳಲೇ ಇಲ್ಲ. ವಾಲಿಂಗ್ ಅವರ ಹಳೆಯ ಸಹೋದ್ಯೋಗಿಗಳೇ ಅವರನ್ನು ಹೊರಗೆ ದೂಡಿದರು. ಸ್ವಲ್ಪ ಹೊತ್ತಿನಲ್ಲಿ ಐವತ್ತರಷ್ಟು ಮೆಟ್ರೊಪಾಲಿಟನ್ನರು ಮೆಟ್ಟಿಲು ಹತ್ತಲು ಬಂದರು, ಅವರಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದ ಮುನಿಸಿಪಲ್ ಪೊಲೀಸರು ಮೇಲಿನಿಂದ ಎರಗಿದರು, ಸಿಟಿ ಹಾಲ್ ಮೆಟ್ಟಿಲುಗಳ ಮೇಲೆ ಲಾಠಿಗೆ ಲಾಠಿ ತಾಗಿ ತಲೆಗಳು ಒಡೆದವು. ಬಾಸ್ಟನ್ನಿಗೆ ಹೋಗುವ ಹಡಗು ಹತ್ತಲು ಅದೇ ಹೊತ್ತಿಗೆ ಬ್ರಾಡ್‌ವೇಯಲ್ಲಿ ಸಾಗುತ್ತಿದ್ದ ಸೆವೆಂತ್ ರೆಜಿಮೆಂಟ್ ಎಂಬ ರಾಜ್ಯದ ಸೇನಾ ತುಕಡಿಯನ್ನು ತಿರುಗಿಸಿ ತಂದು ಕಟ್ಟಡವನ್ನು ಸುತ್ತುವರಿದ ಮೇಲೆ ಮೇಯರ್ ಬಂಧನಕ್ಕೆ ಒಪ್ಪಿದರು. ಹೆಚ್ಚು ಹೊತ್ತು ಸೆರೆಯಲ್ಲಿ ಇರಲಿಲ್ಲ ಎಂಬುದು ಬೇರೆ ಮಾತು.

ಜುಲೈ ಮೊದಲ ವಾರ ರಾಜ್ಯದ ಮೇಲ್ಮನವಿ ನ್ಯಾಯಾಲಯ ಹೊಸ ಕಾನೂನನ್ನು ಎತ್ತಿಹಿಡಿಯಿತು. ವುಡ್ ತಮ್ಮ ಪಡೆಯನ್ನು ವಿಸರ್ಜಿಸಿದರು. ಹೊಸಬರು ಇನ್ನೂ ಸರಿಯಾಗಿ ಗಸ್ತು ತಿರುಗಲು ಆರಂಭಿಸುವಷ್ಟರಲ್ಲಿ, ಜುಲೈ 4 ಮತ್ತು 5ರಂದು, ಡೆಡ್ ರ್ಯಾಬಿಟ್ಸ್ ಮತ್ತು ಬೋವರಿ ಬಾಯ್ಸ್ ಎಂಬ ಪುಂಡರ ಗುಂಪುಗಳು ಬೀದಿಯಲ್ಲಿ ಕಾದಾಡಿ ಅವರನ್ನು ಸ್ವಾಗತಿಸಿದವು.

1863ರ ದಂಗೆಯಲ್ಲಿ ಪೊಲೀಸರ ಪಾತ್ರವೇನು?

ಅಂತರ್ಯುದ್ಧಕ್ಕೆ ಕಡ್ಡಾಯ ಸೈನಿಕ ಭರ್ತಿಯನ್ನು ವಿರೋಧಿಸಿ ಆರಂಭವಾದ ಗಲಭೆ ಜುಲೈ 13ರಿಂದ 16ರವರೆಗೆ ನಡೆದು, ಬಹುಬೇಗ ಕಪ್ಪು ಜನರ ಮೇಲಿನ ಹತ್ಯಾಕಾಂಡವಾಗಿ ತಿರುಗಿತು. ನೂರಕ್ಕೂ ಹೆಚ್ಚು ಜನ ಸತ್ತರು. ಮೊದಲ ದಿನವೇ ಸೂಪರಿಂಟೆಂಡೆಂಟ್ ಜಾನ್ ಕೆನಡಿ ಸಾದಾ ಉಡುಪಿನಲ್ಲಿ ಪರಿಸ್ಥಿತಿ ನೋಡಲು ಹೋಗಿ, ಗುಂಪಿನ ಕೈಗೆ ಸಿಕ್ಕಿ ಗುರುತು ಸಿಗದಷ್ಟು ಪೆಟ್ಟು ತಿಂದರು. ಕಮಿಷನರ್ ಥಾಮಸ್ ಆ್ಯಕ್ಟನ್ ಮಲ್ಬೆರಿ ಬೀದಿಯ ಕೇಂದ್ರ ಕಚೇರಿಯಲ್ಲಿ ಕುಳಿತು, ಠಾಣೆಗಳನ್ನು ಬೆಸೆದಿದ್ದ ಟೆಲಿಗ್ರಾಫ್ ತಂತಿಗಳ ಮೂಲಕ ಪಡೆಗಳನ್ನು ಓಡಾಡಿಸಿದರು. ದಂಗೆಕೋರರು ತಂತಿ ಕತ್ತರಿಸಿದಲ್ಲೆಲ್ಲ ಇಲಾಖೆಯ ತಂತಿ ಕೆಲಸಗಾರರು ಹೋಗಿ ಜೋಡಿಸುತ್ತಿದ್ದರು. ಫಿಫ್ತ್ ಅವೆನ್ಯೂದಲ್ಲಿದ್ದ ಕಪ್ಪು ಮಕ್ಕಳ ಅನಾಥಾಲಯವನ್ನು ಗುಂಪು ಸುಟ್ಟುಹಾಕಿದಾಗ, ಹಿಂಬಾಗಿಲಿನಿಂದ ಹೊರಬಿದ್ದ ಇನ್ನೂರಕ್ಕೂ ಹೆಚ್ಚು ಮಕ್ಕಳು ಆಶ್ರಯ ಪಡೆದದ್ದು ಒಂದು ಪೊಲೀಸ್ ಠಾಣೆಯಲ್ಲಿ. ದಂಗೆಕೋರರಲ್ಲಿ ಐರಿಷ್ ವಲಸಿಗರು ಬಹಳವಿದ್ದರು. ಅವರನ್ನು ಎದುರಿಸಿದ ಪೊಲೀಸರಲ್ಲಿಯೂ ಐರಿಷರು ಬಹಳವಿದ್ದರು ಎಂಬುದನ್ನು ಮರೆಯಬಾರದು. ಕೊನೆಗೆ ದಂಗೆಯನ್ನು ಅಡಗಿಸಿದ್ದು ಸೈನ್ಯ.

ರಾಜ್ಯದ ಹಿಡಿತ 1870ರವರೆಗೆ ಇತ್ತು. ಆ ವರ್ಷ ವಿಲಿಯಂ ಟ್ವೀಡ್ ಮುಂದೆ ನಿಂತು ಮಾಡಿಸಿದ ಹೊಸ ನಗರ ಶಾಸನ ಪೊಲೀಸರನ್ನು ನಗರಕ್ಕೆ, ಅಂದರೆ ಟ್ವೀಡ್ ಮುನ್ನಡೆಸುತ್ತಿದ್ದ ಟ್ಯಾಮನಿ ಹಾಲ್ ಎಂಬ ಡೆಮಾಕ್ರಟಿಕ್ ಪಕ್ಷದ ಕೂಟಕ್ಕೆ, ಮರಳಿಸಿತು.

ಪೊಲೀಸ್ ಠಾಣೆಯಲ್ಲಿ ಮನೆಯಿಲ್ಲದವರು ಮಲಗುತ್ತಿದ್ದರೇ?

ಹೌದು, ಹತ್ತೊಂಬತ್ತನೆಯ ಶತಮಾನದ ಬಹುಭಾಗ ಠಾಣೆಯೇ ಬಡವರ ಛತ್ರವೂ ಆಗಿತ್ತು. ನೆಲಮಾಳಿಗೆಯಲ್ಲಿ ಬರಿಯ ಹಲಗೆಗಳು, ಹಾಸಿಗೆಯಿಲ್ಲ, ಕಳ್ಳನೂ ಕೆಲಸ ಕಳೆದುಕೊಂಡವನೂ ಪಕ್ಕಪಕ್ಕದಲ್ಲಿ. ಡೆನ್ಮಾರ್ಕಿನಿಂದ ಬರಿಗೈಯಲ್ಲಿ ಬಂದಿದ್ದ ಯುವಕ ಜೇಕಬ್ ರೀಸ್ 1870ರಲ್ಲಿ ಚರ್ಚ್ ಬೀದಿಯ ಠಾಣೆಯಲ್ಲಿ ಹೀಗೆ ಒಂದು ರಾತ್ರಿ ಮಲಗಿದರು. ನಿದ್ದೆಯಲ್ಲಿ ಅವರ ಕೊರಳಿನ ಚಿನ್ನದ ಪದಕ ಕಳುವಾಯಿತು; ದೂರಿದ್ದಕ್ಕೆ ಅವರನ್ನೇ ಕಳ್ಳನೆಂದು ಬೈದು ಹೊರದಬ್ಬಲಾಯಿತು; ಬಾಗಿಲಲ್ಲಿ ರಾತ್ರಿಯಿಡೀ ಕಾದಿದ್ದ ಅವರ ನಾಯಿ ದೂಡಿದವನ ಮೇಲೆ ಎರಗಿದಾಗ ಅದನ್ನು ಮೆಟ್ಟಿಲಿಗೆ ಅಪ್ಪಳಿಸಿ ಕೊಂದರು. ರೀಸ್ ಮುಂದೆ ಪೊಲೀಸ್ ವರದಿಗಾರರಾಗಿ, ಛಾಯಾಗ್ರಾಹಕರಾಗಿ ಹೆಸರು ಮಾಡಿದರು. ಇಪ್ಪತ್ತೈದು ವರ್ಷಗಳ ನಂತರ ಅವರು, ಆಗ ಪೊಲೀಸ್ ಆಯುಕ್ತರ ಮಂಡಳಿಯ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ಅವರನ್ನು ಅದೇ ಠಾಣೆಗೆ ಕರೆದೊಯ್ದು ಈ ಕಥೆ ಹೇಳಿದರು, ಮತ್ತು 1896ರಲ್ಲಿ ಆ ವಸತಿಕೋಣೆಗಳನ್ನು ಮುಚ್ಚಲಾಯಿತು.

"ಥರ್ಡ್ ಡಿಗ್ರಿ" ಎಂಬ ಮಾತಿಗೂ ಈ ಇಲಾಖೆಗೂ ಏನು ಸಂಬಂಧ?

ಹೊಡೆದು ಬೆದರಿಸಿ ಬಾಯಿ ಬಿಡಿಸುವ ವಿಚಾರಣೆಗೆ ಈ ಹೆಸರು ಅಂಟಿದ್ದರಲ್ಲಿ 1880ರಲ್ಲಿ ಪತ್ತೇದಾರಿ ವಿಭಾಗದ ಮುಖ್ಯಸ್ಥರಾದ ಥಾಮಸ್ ಬರ್ನ್ಸ್ ಅವರ ಪಾಲು ದೊಡ್ಡದು. ಅವರು ದಡ್ಡ ಕ್ರೂರಿಯಾಗಿರಲಿಲ್ಲ. ಅಪರಾಧಿಗಳ ಭಾವಚಿತ್ರಗಳನ್ನು ವ್ಯವಸ್ಥಿತವಾಗಿ ಕಲೆಹಾಕಿ, 1886ರಲ್ಲಿ ಅದನ್ನೊಂದು ಪುಸ್ತಕವಾಗಿಯೇ ಪ್ರಕಟಿಸಿದರು. ಫುಲ್ಟನ್ ಬೀದಿಯನ್ನು ಗಡಿಯೆಂದು ಘೋಷಿಸಿ, ಗೊತ್ತಿರುವ ಕಳ್ಳನೊಬ್ಬ ಅದರ ದಕ್ಷಿಣಕ್ಕೆ ವಾಲ್ ಸ್ಟ್ರೀಟ್ ಕಡೆ ಕಾಲಿಟ್ಟರೆ ಸಾಕು, ಹಿಡಿದು ಒಳಗೆ ಹಾಕಿಸುತ್ತಿದ್ದರು. ಬ್ಯಾಂಕಿನವರಿಗೆ ಇದು ಬಹಳ ಹಿಡಿಸಿತು. ಪೊಲೀಸ್ ಭ್ರಷ್ಟಾಚಾರದ ಬಗ್ಗೆ 1894ರಲ್ಲಿ ಲೆಕ್ಸೊ ಸಮಿತಿ (ಮುಂದಿನ ಉತ್ತರ ನೋಡಿ) ನಡೆಸಿದ ವಿಚಾರಣೆಯಲ್ಲಿ ತಮ್ಮ ಆಸ್ತಿ ಸುಮಾರು 3,50,000 ಡಾಲರ್ ಎಂದು ಬರ್ನ್ಸ್ ಒಪ್ಪಿಕೊಂಡರು. ಹಣವಂತ ಮಿತ್ರರು ಕೊಟ್ಟ ಷೇರು ಸಲಹೆಗಳಿಂದ ಅದು ಬಂತೆಂಬುದು ಅವರ ವಿವರಣೆ.

ಲೆಕ್ಸೊ ಸಮಿತಿ ಏನನ್ನು ಬಯಲು ಮಾಡಿತು?

1892ರಲ್ಲಿ ಚಾರ್ಲ್ಸ್ ಪಾರ್ಕ್‌ಹರ್ಸ್ಟ್ ಎಂಬ ಪಾದ್ರಿ, ನಗರದ ಆಡಳಿತವೂ ಪೊಲೀಸರೂ ಅಡ್ಡೆಗಳ ಜೊತೆ ಶಾಮೀಲಾಗಿದ್ದಾರೆಂದು ಚರ್ಚಿನ ವೇದಿಕೆಯಿಂದಲೇ ಆರೋಪಿಸಿದರು. ಸಾಕ್ಷಿ ಎಲ್ಲಿ ಎಂದು ಕೇಳಿದಾಗ ಮಾರುವೇಷದಲ್ಲಿ ರಾತ್ರಿಗಳನ್ನು ಸೂಳೆಗೇರಿಗಳಲ್ಲೂ ಹೆಂಡದಂಗಡಿಗಳಲ್ಲೂ ಕಳೆದು ಸಾಕ್ಷಿ ತಂದರು. 1894ರಲ್ಲಿ ಸೆನೆಟರ್ ಕ್ಲಾರೆನ್ಸ್ ಲೆಕ್ಸೊ ಅಧ್ಯಕ್ಷತೆಯ ರಾಜ್ಯ ಸಮಿತಿ ವಿಚಾರಣೆಗೆ ಕುಳಿತಾಗ ಹೊರಬಿದ್ದ ಹೇಳಿಕೆಗಳು ಹತ್ತು ಸಾವಿರ ಪುಟ ದಾಟಿದವು.

ಅವುಗಳ ಸಾರ, ಇಲಾಖೆಯಲ್ಲಿ ಎಲ್ಲಕ್ಕೂ ದರವಿತ್ತು ಎಂಬುದು. ಪೇದೆಯಾಗಲು 300 ಡಾಲರ್. ಕ್ಯಾಪ್ಟನ್ ಹುದ್ದೆಗೆ ತಾನು ಎಷ್ಟು ಕೊಟ್ಟೆನೆಂದು ಟಿಮೊಥಿ ಕ್ರೀಡನ್ ಮೊದಲು ಬಾಯಿ ಬಿಡಲಿಲ್ಲ. ಯುದ್ಧದಲ್ಲಿ ಹೋರಾಡಿ ಬಂದ, ಒಳ್ಳೆಯ ಹೆಸರಿದ್ದ ಆ ಅಧಿಕಾರಿ ಪ್ರಮಾಣ ಮಾಡಿಯೂ ನಿರಾಕರಿಸಿ, ಮತ್ತೆ ಕಟಕಟೆಗೆ ಬಂದು 15,000 ಡಾಲರ್ ಎಂದು ಒಪ್ಪಿಕೊಂಡರು. ಅಷ್ಟು ಹಣವನ್ನು ಅವರಿಗೆ ಹೊಂದಿಸಿಕೊಟ್ಟವರಲ್ಲಿ ಹೆಂಡದಂಗಡಿಯವರು ಇದ್ದರು. ಸಾಲ ಕೊಟ್ಟವನ ಅಂಗಡಿಯ ಮೇಲೆ ಯಾವ ಕ್ಯಾಪ್ಟನ್ ದಾಳಿ ಮಾಡಿಯಾನು? ಲಂಚವೆಂದರೆ ದುರಾಸೆಯ ಕೆಲವರ ಚಟ ಎಂದು ಭಾವಿಸುವವರು ಈ ಒಂದು ಹೇಳಿಕೆಯನ್ನು ಗಮನಿಸಬೇಕು. ಇಲ್ಲಿ ಲಂಚ ತಿನ್ನುವುದು ಹಾಕಿದ ಬಂಡವಾಳವನ್ನು ಹಿಂಪಡೆಯುವ ಲೆಕ್ಕಾಚಾರವಾಗಿತ್ತು.

ರೂಸ್‌ವೆಲ್ಟ್ ನಿಜವಾಗಿಯೂ ಇಲಾಖೆಯನ್ನು ಬದಲಿಸಿದರೇ?

ಅರ್ಧ ಮಾತ್ರ. 1895ರಿಂದ 1897ರವರೆಗೆ ಅವರು ನಾಲ್ವರು ಆಯುಕ್ತರ ಮಂಡಳಿಯ ಅಧ್ಯಕ್ಷರಾಗಿದ್ದರು. ನಡುರಾತ್ರಿ ರೀಸ್ ಜೊತೆ ಬೀದಿ ಸುತ್ತಿ, ಗಸ್ತಿನಲ್ಲಿರಬೇಕಾದ ಪೇದೆಗಳು ಹೋಟೆಲುಗಳಲ್ಲಿ ಹರಟುತ್ತಿರುವುದನ್ನು ಕಂಡುಹಿಡಿದು ಬೆಳಿಗ್ಗೆ ಕಚೇರಿಗೆ ಕರೆಸುತ್ತಿದ್ದರು. ಪತ್ರಿಕೆಗಳಿಗೆ ಇದು ಹಬ್ಬವಾಯಿತು. ಸೈಕಲ್ ದಳ, ಎಲ್ಲರಿಗೂ ಒಂದೇ ಬಗೆಯ ರಿವಾಲ್ವರ್, ಗುರಿ ಹೊಡೆಯುವ ತರಬೇತಿ, ಲಿಖಿತ ಪರೀಕ್ಷೆಯ ಮೂಲಕ ಭರ್ತಿ ಇವೆಲ್ಲ ಅವರ ಕಾಲದ ಉಳಿದುಬಂದ ಕೆಲಸಗಳು. ಆದರೆ ಭಾನುವಾರ ಮದ್ಯ ಮಾರಬಾರದೆಂಬ ಕಾನೂನನ್ನು ಬಿಗಿಯಾಗಿ ಜಾರಿಗೊಳಿಸಿದ್ದರಿಂದ, ವಾರಕ್ಕೆ ಒಂದೇ ದಿನ ಬಿಡುವಿದ್ದ ಕೂಲಿಕಾರರು ಅವರ ವಿರುದ್ಧ ತಿರುಗಿದರು. 1896ರಲ್ಲಿ ರಾಜ್ಯ ತಂದ ಹೊಸ ಕಾನೂನು ಹತ್ತು ಕೋಣೆಗಳಿರುವ ಹೋಟೆಲಿಗೆ ವಿನಾಯಿತಿ ಕೊಟ್ಟಿತು. ಹೆಂಡದಂಗಡಿಗಳು ತಡಿಕೆ ಕಟ್ಟಿ ಹತ್ತು ಕೋಣೆ ಮಾಡಿಕೊಂಡವು, ಆ ಕೋಣೆಗಳು ವೇಶ್ಯಾವಾಟಿಕೆಗೆ ಬಳಕೆಯಾದವು. ಮಂಡಳಿಯಲ್ಲಿ ಎರಡೂ ಪಕ್ಷಗಳಿಗೆ ಸಮಪಾಲು ಇದ್ದುದರಿಂದ ಬಡ್ತಿ, ವರ್ಗಾವಣೆಗಳೆಲ್ಲ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತಿದ್ದವು.

ಈಗಿನ ಒಬ್ಬ ಕಮಿಷನರ್ ವ್ಯವಸ್ಥೆ ಬಂದದ್ದು ಯಾವಾಗ?

1898ರ ಜನವರಿ 1ರಂದು ಬ್ರೂಕ್ಲಿನ್, ಕ್ವೀನ್ಸ್ ಮುಂತಾದವು ಸೇರಿ ಬರೋ ಎಂಬ ಐದು ವಿಭಾಗಗಳ ಮಹಾನಗರವಾದಾಗ ಅವುಗಳ ಪೊಲೀಸ್ ಪಡೆಗಳೂ ಒಂದಾದವು. 1901ರಲ್ಲಿ ಮಂಡಳಿಯನ್ನು ರದ್ದುಪಡಿಸಿ ಮೇಯರ್ ನೇಮಿಸುವ ಒಬ್ಬರೇ ಕಮಿಷನರನ್ನು ತರಲಾಯಿತು. ಕುಖ್ಯಾತ ಮುಖ್ಯಸ್ಥ ವಿಲಿಯಂ ಡೆವರಿಯನ್ನು ಹೊರಹಾಕುವುದು ರಾಜ್ಯದ ಉದ್ದೇಶಗಳಲ್ಲೊಂದಾಗಿತ್ತು. ಹೊಸ ಕಮಿಷನರ್ ಮೈಕೆಲ್ ಮರ್ಫಿ ಬಂದೊಡನೆ ಡೆವರಿಯನ್ನೇ ತಮ್ಮ ಉಪ ಕಮಿಷನರಾಗಿ ನೇಮಿಸಿಕೊಂಡರು.

ಮೊದಲ ಕಪ್ಪು ಅಧಿಕಾರಿ ಯಾರು?

ಬ್ರೂಕ್ಲಿನ್ ಪ್ರತ್ಯೇಕ ನಗರವಾಗಿದ್ದಾಗಲೇ, 1891ರಲ್ಲಿ, ವೈಲಿ ಓವರ್ಟನ್ ಅಲ್ಲಿ ನೇಮಕಗೊಂಡಿದ್ದರು. ಒಂದುಗೂಡಿದ ನಗರದ ಇಲಾಖೆಗೆ 1911ರ ಜೂನ್ 28ರಂದು ಸೇರಿದವರು ಸ್ಯಾಮ್ಯುಯೆಲ್ ಬ್ಯಾಟಲ್. ಪರೀಕ್ಷೆಯಲ್ಲಿ ಉತ್ತೀರ್ಣರಾದ ಅವರನ್ನು ಹೃದಯದಲ್ಲಿ ದೋಷವಿದೆಯೆಂದು ಮೊದಲು ತಿರಸ್ಕರಿಸಲಾಗಿತ್ತು. ಬೇರೆ ವೈದ್ಯರು ನೋಡಿದಾಗ ಹೃದಯ ಗಟ್ಟಿಯಾಗಿಯೇ ಇತ್ತು. ಪಶ್ಚಿಮ 68ನೆಯ ಬೀದಿಯ ಠಾಣೆಯಲ್ಲಿ ಸಹೋದ್ಯೋಗಿಗಳು ಅವರೊಡನೆ ಮಾತನ್ನೇ ಆಡಲಿಲ್ಲ. ಎಲ್ಲರೂ ಮಲಗುವ ಕೋಣೆಯಲ್ಲಿ ಅವರಿಗೆ ಮಂಚವಿರಲಿಲ್ಲ. ಬಾವುಟಗಳನ್ನು ಇಡುತ್ತಿದ್ದ ಅಟ್ಟದಲ್ಲಿ ಒಬ್ಬರೇ ಮಲಗಿ, ಅಲ್ಲಿಯೇ ಬಡ್ತಿ ಪರೀಕ್ಷೆಗೆ ಓದಿಕೊಂಡರು. ಆದರೂ ಸಾರ್ಜೆಂಟ್ ಆಗಲು 1926ರವರೆಗೆ, ಲೆಫ್ಟಿನೆಂಟ್ ಆಗಲು 1935ರವರೆಗೆ ಕಾಯಬೇಕಾಯಿತು. ಕಪ್ಪು ಸಮುದಾಯದವರೊಬ್ಬರು, ಬೆಂಜಮಿನ್ ವಾರ್ಡ್, ಕಮಿಷನರ್ ಆದದ್ದು 1984ರಲ್ಲಿ.

ಮಹಿಳೆಯರು?

ಆರಂಭದಲ್ಲಿ ಬಂಧಿತ ಹೆಂಗಸರನ್ನು ನೋಡಿಕೊಳ್ಳುವ ಮೇಟ್ರನ್‌ಗಳಾಗಿ ಮಾತ್ರ. 1896ರಲ್ಲಿ ಹಾಗೆ ಸೇರಿದ್ದ ಇಸಾಬೆಲ್ಲಾ ಗುಡ್ವಿನ್, 1912ರಲ್ಲಿ ಬ್ಯಾಂಕಿನ ಹಣ ಸಾಗಿಸುತ್ತಿದ್ದ ಟ್ಯಾಕ್ಸಿಯ ದರೋಡೆ ನಡೆದಾಗ, ಶಂಕಿತರಿಗೆ ಸಂಬಂಧಪಟ್ಟ ವಸತಿಗೃಹದಲ್ಲಿ ಮನೆಗೆಲಸದವಳಾಗಿ ಸೇರಿ, ಗುಡಿಸುತ್ತ ಒರೆಸುತ್ತ ಮಾತು ಕದ್ದು ಕೇಳಿ ಪ್ರಕರಣ ಭೇದಿಸಿದರು. ಇಲಾಖೆಯ ಮೊದಲ ಮಹಿಳಾ ಪತ್ತೇದಾರರಾದರು. ಸಾರ್ಜೆಂಟ್ ಪರೀಕ್ಷೆಗೆ ಕೂರಲು ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು ಫೆಲಿಶಿಯಾ ಶ್ಪ್ರಿಟ್ಸರ್ 1961ರಲ್ಲಿ ಮೊಕದ್ದಮೆ ಹೂಡಿ ಗೆದ್ದ ಮೇಲೆ. ಅವರೂ ಗರ್ಟ್ರೂಡ್ ಶಿಮ್ಮೆಲ್ ಅವರೂ 1965ರಲ್ಲಿ ಸಾರ್ಜೆಂಟ್ ಆದರು. ಕಮಿಷನರ್ ಹುದ್ದೆಗೆ ಮೊದಲ ಮಹಿಳೆಯಾಗಿ ಕೀಚಾಂಟ್ ಸೂಯೆಲ್ ಬಂದದ್ದು 2022ರ ಜನವರಿಯಲ್ಲಿ.

ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಒಂದು ಭ್ರಷ್ಟಾಚಾರ ಹಗರಣ ಎಂಬ ಮಾತು ಸರಿಯೇ?

ಲೆಕ್ಕ ಹಾಕಿ ನೋಡಿದರೆ ಬಹುತೇಕ ಸರಿ. 1894ರ ಲೆಕ್ಸೊ ನಂತರ, 1912ರಲ್ಲಿ ಜೂಜುಕೋರ ಹರ್ಮನ್ ರೋಸೆಂಥಾಲ್ ಕೊಲೆಯಾಯಿತು. ಕೊಲೆ ಮಾಡಿಸಿದ್ದು ಲೆಫ್ಟಿನೆಂಟ್ ಚಾರ್ಲ್ಸ್ ಬೆಕರ್ ಎಂದು ತೀರ್ಮಾನವಾಗಿ 1915ರಲ್ಲಿ ಅವರಿಗೆ ಮರಣದಂಡನೆಯಾಯಿತು. ಶಿಕ್ಷೆ ನ್ಯಾಯವಾಗಿತ್ತೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. 1930ರ ದಶಕದ ಆರಂಭದಲ್ಲಿ ಸ್ಯಾಮ್ಯುಯೆಲ್ ಸೀಬರಿ ನಡೆಸಿದ ತನಿಖೆಯಲ್ಲಿ, ನಿರಪರಾಧಿ ಹೆಂಗಸರ ಮೇಲೆ ಸುಳ್ಳು ವೇಶ್ಯಾವೃತ್ತಿಯ ಮೊಕದ್ದಮೆ ಹಾಕಿ ಹಣ ಕೀಳುತ್ತಿದ್ದ ಪೊಲೀಸರೂ ವಕೀಲರೂ ಬಯಲಾದರು. 1932ರಲ್ಲಿ ಮೇಯರ್ ಜಿಮ್ಮಿ ವಾಕರ್ ರಾಜೀನಾಮೆ ಕೊಟ್ಟರು. 1950ರಲ್ಲಿ, ಪೊಲೀಸರಿಗೆ ಲಂಚ ಕೊಡುತ್ತಿದ್ದ ಬುಕ್ಕಿ ಹ್ಯಾರಿ ಗ್ರಾಸ್ ಪ್ರಕರಣ.

ಎಲ್ಲಕ್ಕಿಂತ ಹೆಚ್ಚು ತಿಳಿಸುವುದು ನ್ಯಾಪ್ ಆಯೋಗ. ಫ್ರ್ಯಾಂಕ್ ಸರ್ಪಿಕೊ ಎಂಬ ಪೊಲೀಸ್ ತನ್ನ ಸಹೋದ್ಯೋಗಿಗಳ ವಸೂಲಿಯ ಬಗ್ಗೆ ವರ್ಷಗಟ್ಟಲೆ ಮೇಲಿನವರಿಗೆ ದೂರಿದರೂ ಯಾರೂ ಕಿವಿಗೊಡಲಿಲ್ಲ. ಸರ್ಪಿಕೊ ಮತ್ತು ಡೇವಿಡ್ ಡರ್ಕ್ ಕೊಟ್ಟ ಮಾಹಿತಿ 1970ರ ಏಪ್ರಿಲ್ 25ರಂದು ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದಲ್ಲಿ ಬಂದ ಮೇಲೆ ಮೇಯರ್ ಜಾನ್ ಲಿಂಡ್ಸೆ ಆಯೋಗ ನೇಮಿಸಿದರು. 1971ರ ಫೆಬ್ರುವರಿಯಲ್ಲಿ ಮಾದಕ ವಸ್ತುವಿನ ದಾಳಿಯೊಂದರಲ್ಲಿ ಸರ್ಪಿಕೊ ಮುಖಕ್ಕೆ ಗುಂಡು ತಗುಲಿತು. ಬದುಕಿಕೊಂಡು ಆಯೋಗದ ಮುಂದೆ ಸಾಕ್ಷಿ ನುಡಿದರು.

ಆಯೋಗದ ವರದಿ ವಿವರಿಸುವ ಮಾಮೂಲಿನ ವ್ಯವಸ್ಥೆ ಒಂದು ಕಚೇರಿಯಷ್ಟು ಅಚ್ಚುಕಟ್ಟಾಗಿತ್ತು. ಜೂಜಿನ ಅಡ್ಡೆಗಳಿಂದ ತಿಂಗಳಿಗೊಮ್ಮೆ ವಸೂಲಿ. ಮಫ್ತಿ ಪೊಲೀಸರ ನಡುವೆ ಸಮಪಾಲು ಹಂಚಿಕೆ. ತಲಾ ಪಾಲು ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 300ರಿಂದ 1,500 ಡಾಲರ್. ಹೊಸದಾಗಿ ಬಂದವನು ನಂಬಿಕಸ್ಥನೋ ಅಲ್ಲವೋ ಎಂದು ನೋಡುವ ಮೊದಲ ಎರಡು ತಿಂಗಳು ಅವನಿಗೆ ಪಾಲಿಲ್ಲ. ಆದರೆ ವರ್ಗವಾಗಿ ಹೋಗುವಾಗ ಆ ಎರಡು ತಿಂಗಳ ಬಾಕಿಯನ್ನು ಲೆಕ್ಕ ಹಾಕಿ ಕೊಡಲಾಗುತ್ತಿತ್ತು. ಕೊಟ್ಟದ್ದನ್ನು ತೆಗೆದುಕೊಳ್ಳುವವರನ್ನು ವರದಿ ಹುಲ್ಲು ಮೇಯುವವರೆಂದೂ, ಹುಡುಕಿಕೊಂಡು ಹೋಗಿ ಕಸಿಯುವವರನ್ನು ಮಾಂಸ ತಿನ್ನುವವರೆಂದೂ ಕರೆಯಿತು. ಹೆಚ್ಚು ಅಪಾಯಕಾರಿಗಳು ಹುಲ್ಲು ಮೇಯುವವರೇ ಎಂಬುದು ಅದರ ಅಭಿಪ್ರಾಯ, ಏಕೆಂದರೆ ಅವರ ಸಂಖ್ಯೆಯಿಂದಾಗಿಯೇ ಲಂಚ ಗೌರವಸ್ಥ ಸಂಗತಿಯಾಗುತ್ತದೆ.

1992ರಲ್ಲಿ ನೇಮಕವಾದ ಮೊಲೆನ್ ಆಯೋಗ ಕಂಡದ್ದು ಬೇರೆ ಬಗೆಯ ರೋಗ. ಆ ಹೊತ್ತಿಗೆ ಎಲ್ಲರಿಗೂ ಹಂಚುವ ಮಾಮೂಲು ಬಹುಮಟ್ಟಿಗೆ ಅಳಿದಿತ್ತು. ಅದರ ಬದಲು ಸಣ್ಣ ಗುಂಪುಗಳು ತಾವೇ ಕೊಕೇನ್ ಮಾರುತ್ತಿದ್ದವು, ಮಾರುವವರನ್ನು ದೋಚುತ್ತಿದ್ದವು.

1990ರ ನಂತರ ಅಪರಾಧ ಇಳಿದದ್ದು ಪೊಲೀಸರಿಂದಲೇ?

1990ರಲ್ಲಿ ನಗರದಲ್ಲಿ 2,245 ಕೊಲೆಗಳಾದವು, 2017ರಲ್ಲಿ 292. ಇಳಿಕೆ ನಿಜ. 1975ರ ಹಣಕಾಸಿನ ಬಿಕ್ಕಟ್ಟಿನಲ್ಲಿ ಸುಮಾರು ಐದು ಸಾವಿರ ಪೊಲೀಸರನ್ನು ಒಂದೇ ಏಟಿಗೆ ಮನೆಗೆ ಕಳುಹಿಸಿದ್ದ ನಗರ, 1990ರ ದಶಕದ ಆರಂಭದಲ್ಲಿ ಮೇಯರ್ ಡೇವಿಡ್ ಡಿಂಕಿನ್ಸ್ ಕಾಲದಲ್ಲಿ ಮತ್ತೆ ದೊಡ್ಡ ಪ್ರಮಾಣದಲ್ಲಿ ಭರ್ತಿ ಮಾಡಿಕೊಳ್ಳತೊಡಗಿತು. 1994ರಲ್ಲಿ ಕಮಿಷನರ್ ವಿಲಿಯಂ ಬ್ರಾಟನ್ ಮತ್ತು ಜ್ಯಾಕ್ ಮೇಪಲ್ ಕಾಂಪ್‌ಸ್ಟ್ಯಾಟ್ ತಂದರು: ಪ್ರತಿ ವಾರದ ಅಪರಾಧಗಳನ್ನು ನಕ್ಷೆಯ ಮೇಲೆ ಗುರುತಿಸಿ, ಠಾಣೆಯ ಮುಖ್ಯಸ್ಥರನ್ನು ಬೆಳಿಗ್ಗೆಯೇ ಕೇಂದ್ರ ಕಚೇರಿಗೆ ಕರೆಸಿ, ಈ ಮೂಲೆಯಲ್ಲಿ ಹೀಗೇಕಾಯಿತು ಎಂದು ಎಲ್ಲರೆದುರು ಪ್ರಶ್ನಿಸುವ ಪದ್ಧತಿ. 1995ರಲ್ಲಿ ಸುರಂಗ ರೈಲಿನ ಮತ್ತು ಸರ್ಕಾರಿ ವಸತಿ ಸಮುಚ್ಚಯಗಳ ಪ್ರತ್ಯೇಕ ಪೊಲೀಸರು ಇಲಾಖೆಯಲ್ಲಿ ವಿಲೀನವಾದರು.

ಇವು ಪರಿಣಾಮ ಬೀರಿದವೆಂದು ಒಪ್ಪುವವರು ಬಹಳ. ಆದರೆ ಅದೇ ಕಾಲದಲ್ಲಿ ಕ್ರ್ಯಾಕ್ ಕೊಕೇನಿನ ಹಾವಳಿ ತಾನಾಗಿ ಇಳಿಯುತ್ತಿತ್ತು, ದೇಶದ ಇತರ ನಗರಗಳಲ್ಲಿಯೂ ಅಪರಾಧ ತಗ್ಗುತ್ತಿತ್ತು. ಅಂಕಿ ಚೆನ್ನಾಗಿ ಕಾಣಲೆಂದು ದೂರುಗಳನ್ನು ಹಗುರ ಮಾಡಿ ಬರೆದುಕೊಳ್ಳುವ ಚಟವನ್ನೂ ಕಾಂಪ್‌ಸ್ಟ್ಯಾಟ್ ಹುಟ್ಟಿಸಿತೆಂಬ ಆರೋಪವಿದೆ; ಕೊಲೆಯ ಅಂಕಿಯನ್ನು ಮಾತ್ರ ಹಾಗೆ ತಿದ್ದುವುದು ಕಷ್ಟ.

ತಡೆದು ತಪಾಸಣೆ ಮಾಡುವ ಪದ್ಧತಿ ಏಕೆ ವಿವಾದವಾಯಿತು?

2011 ಒಂದೇ ವರ್ಷದಲ್ಲಿ ಪೊಲೀಸರು 6,85,724 ಬಾರಿ ಜನರನ್ನು ಬೀದಿಯಲ್ಲಿ ತಡೆದರು. ತಡೆದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಯುವಕರು. ಹತ್ತರಲ್ಲಿ ಸುಮಾರು ಒಂಬತ್ತು ಸಲ ಬಂಧನವೂ ಇಲ್ಲ, ಸಮನ್ಸೂ ಇಲ್ಲ. 2013ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶೆ ಶೀರಾ ಶೈಂಡ್ಲಿನ್, ಇಲಾಖೆ ಅದನ್ನು ನಡೆಸುತ್ತಿದ್ದ ರೀತಿ ಸಂವಿಧಾನಬಾಹಿರವೆಂದು ತೀರ್ಪಿತ್ತು ಸ್ವತಂತ್ರ ಮೇಲ್ವಿಚಾರಕರನ್ನು ನೇಮಿಸಿದರು. ತಪಾಸಣೆ ನಿಂತರೆ ಊರು ರಕ್ತದಲ್ಲಿ ಮುಳುಗುತ್ತದೆಂಬ ಎಚ್ಚರಿಕೆ ಆಗ ಬಲವಾಗಿ ಕೇಳಿಬಂದಿತ್ತು. ಮುಂದಿನ ವರ್ಷಗಳಲ್ಲಿ ತಡೆಗಳ ಸಂಖ್ಯೆ ಕುಸಿದರೂ ಕೊಲೆಗಳು 2017ರವರೆಗೆ ಒಟ್ಟಿನಲ್ಲಿ ಇಳಿಮುಖವಾಗಿಯೇ ಇದ್ದವು.

ಪೊಲೀಸರ ಮೇಲಿನ ದೂರನ್ನು ವಿಚಾರಿಸುವವರು ಯಾರು?

1953ರಲ್ಲಿ ರಚನೆಯಾದ ದೂರು ಪರಿಶೀಲನಾ ಮಂಡಳಿಯಲ್ಲಿ ಪೊಲೀಸರೇ ಇದ್ದರು. 1966ರಲ್ಲಿ ಲಿಂಡ್ಸೆ ಅದಕ್ಕೆ ಹೊರಗಿನ ನಾಗರಿಕರನ್ನು ಸೇರಿಸಿದಾಗ ಪೊಲೀಸ್ ಸಂಘ ಜನಮತಗಣನೆ ತಂದು, ಭಾರೀ ಬಹುಮತದಿಂದ ಅದನ್ನು ಸೋಲಿಸಿತು. 1992ರ ಸೆಪ್ಟೆಂಬರ್‌ನಲ್ಲಿ ಡಿಂಕಿನ್ಸ್ ಅದೇ ಪ್ರಸ್ತಾಪವನ್ನು ಎತ್ತಿದಾಗ ಸಾವಿರಾರು ಪೊಲೀಸರು ಬಿಡುವಿನ ವೇಳೆಯಲ್ಲಿ ಸಿಟಿ ಹಾಲ್‌ಗೆ ಮುತ್ತಿಗೆ ಹಾಕಿ, ತಡೆಗೋಡೆ ದಾಟಿ ಮೆಟ್ಟಿಲುಗಳನ್ನು ಆಕ್ರಮಿಸಿದರು. 1857ರಲ್ಲಿ ಲಾಠಿಗಳು ತಾಗಿದ್ದ ಅದೇ ಮೆಟ್ಟಿಲುಗಳು. ಈ ಸಲ ಪೊಲೀಸರು ಗೆಲ್ಲಲಿಲ್ಲ, ಮತ್ತು 1993ರಿಂದ ಮಂಡಳಿ ಪೂರ್ತಿ ನಾಗರಿಕರದು. ಆದರೆ ಅದು ಶಿಫಾರಸು ಮಾಡಬಹುದು ಅಷ್ಟೇ. ಶಿಕ್ಷೆಯ ಬಗ್ಗೆ ಕೊನೆಯ ಮಾತು ಕಮಿಷನರದ್ದು.

ಒಬ್ಬ ಪೊಲೀಸನ ಶಿಸ್ತು ದಾಖಲೆಯನ್ನು ಸಾರ್ವಜನಿಕರು ನೋಡಬಹುದೇ?

1976ರ ರಾಜ್ಯ ಕಾನೂನೊಂದು ಅದನ್ನು ಗೋಪ್ಯವಾಗಿಟ್ಟಿತ್ತು. 2014ರಲ್ಲಿ ಸ್ಟೇಟನ್ ಐಲೆಂಡಿನಲ್ಲಿ ಕುತ್ತಿಗೆ ಬಿಗಿದು ಹಿಡಿದಾಗ ಎರಿಕ್ ಗಾರ್ನರ್ ಸತ್ತ ನಂತರ, ಹಿಡಿದ ಅಧಿಕಾರಿಯ ಹಿಂದಿನ ದೂರುಗಳನ್ನು ಬಹಿರಂಗಪಡಿಸಲು ಇದೇ ಕಾನೂನಿನ ಆಧಾರದ ಮೇಲೆ ನಿರಾಕರಿಸಲಾಯಿತು. ಆ ಅಧಿಕಾರಿಯ ಕೆಲಸ ಹೋದದ್ದು 2019ರಲ್ಲಿ. 2020ರ ಜೂನ್‌ನಲ್ಲಿ, ಪೊಲೀಸ್ ದೌರ್ಜನ್ಯದ ವಿರುದ್ಧ ಬೀದಿಗಳಲ್ಲಿ ಪ್ರತಿಭಟನೆಗಳು ನಡೆಯುತ್ತಿರುವಾಗಲೇ, ಶಾಸನಸಭೆ ಆ ಕಾನೂನನ್ನು ರದ್ದುಗೊಳಿಸಿತು. ಪೊಲೀಸ್ ಸಂಘಗಳು ನ್ಯಾಯಾಲಯಕ್ಕೆ ಹೋದರೂ ಅದನ್ನು ತಡೆಯಲಾಗಲಿಲ್ಲ. ಈಗ ಅಧಿಕಾರಿಯ ಹೆಸರು ಕೊಟ್ಟು ಹುಡುಕಿದರೆ, ಅವರ ಮೇಲೆ ಪರಿಶೀಲನಾ ಮಂಡಳಿಗೆ ಬಂದ ದೂರುಗಳನ್ನು ಯಾರು ಬೇಕಾದರೂ ಓದಬಹುದು.